ರಸ್ತೆ ಸೈಕ್ಲಿಂಗ್‌ಗೆ ಪವರ್ ಕನ್ನಡಕ: ಪೋಲರೈಸ್ಡ್, ಬಣ್ಣ ಬದಲಿಸುವ ಲೆನ್ಸ್, ಬಿಳಿ ಲೆನ್ಸ್ – ಯಾವುದನ್ನು ಆರಿಸಬೇಕು?

ದುರ್ಗದಹಾದಿ (ಚಿತ್ರದುರ್ಗ) ಕೇಳಿದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ದೂರದ್ದು ಸ್ಪಷ್ಟವಾಗಿ ಕಾಣಲು ನನಗೆ ಬಲಗಣ್ಣಿಗೆ ಮೈನಸ್ 3.25, ಎಡಗಣ್ಣಿಗೆ ಮೈನಸ್ 2.75 ಪವರ್ ಬೇಕು. ಎರಡಕ್ಕೂ ಸ್ವಲ್ಪ ಸಿಲಿಂಡರ್ (ಅಸ್ಟಿಗ್ಮ್ಯಾಟಿಸಂ ಎಂಬ ದೃಷ್ಟಿದೋಷವನ್ನು ತಿದ್ದುವ ಪವರ್) ಇದೆ. ವಾರದ ದಿನಗಳಲ್ಲಿ ಬೆಳಗ್ಗೆ ಐದೂವರೆಗೆ ರೋಡ್ ಬೈಕ್ ಹತ್ತಿ, ಸರ್ವಿಸ್ ರಸ್ತೆ ಇರುವೆಡೆ ಅದನ್ನು ಹಿಡಿದು, ಭರಮಸಾಗರದವರೆಗೆ ಹೋಗಿ ಹಿಂದಿರುಗುತ್ತೇನೆ. ಭಾನುವಾರ ಬಿಡುವಿದ್ದರೆ ಜೋಗಿಮಟ್ಟಿಯ ಏರು, ಇಲ್ಲವೇ ಹಿರಿಯೂರಿನ ಕಡೆ ವಾಣಿವಿಲಾಸ ಸಾಗರದವರೆಗಿನ ಹಾದಿ.

ಇಲ್ಲಿಯವರೆಗೆ ಮನೆಯಲ್ಲಿ ಬಳಸುವ ಕನ್ನಡಕವನ್ನೇ ಹಾಕಿಕೊಂಡು ಹೋಗುತ್ತಿದ್ದೇನೆ. ಆಷಾಢದ ಗಾಳಿ ಶುರುವಾದರೆ ಪಕ್ಕದಿಂದ ನುಗ್ಗುವ ಗಾಳಿಗೆ ಕಣ್ಣಲ್ಲಿ ನೀರು ಸುರಿಯುತ್ತದೆ. ಸುಗ್ಗಿಯ ಕಾಲದಲ್ಲಿ ಹಳ್ಳಿಗಳ ಬಳಿ ರಸ್ತೆಯ ಮೇಲೆಯೇ ರಾಗಿ, ಹುರುಳಿ ಹರಡಿ ಒಕ್ಕಣೆ ಮಾಡಿರುತ್ತಾರೆ. ಅಂಥ ಕಡೆ ಲಾರಿಯೊಂದು ಹಾದುಹೋದರೆ ಸಾಕು, ಹೊಟ್ಟು ಮೇಲೆದ್ದು ಕನ್ನಡಕದ ಪಕ್ಕದ ಸಂದಿನಿಂದ ನೇರವಾಗಿ ಕಣ್ಣಿಗೇ ಬೀಳುತ್ತದೆ. ಇನ್ನೊಂದು ತೊಂದರೆಯೆಂದರೆ, ಹ್ಯಾಂಡಲ್‌ನ ಕೆಳಬಾಗನ್ನು ಹಿಡಿದು ಬಗ್ಗಿ ಕುಳಿತಾಗ ಫ್ರೇಮಿನ ಮೇಲಂಚು ಸರಿಯಾಗಿ ರಸ್ತೆ ಕಾಣಬೇಕಾದ ಜಾಗಕ್ಕೇ ಅಡ್ಡ ಬರುತ್ತದೆ. ಬೆವರಿಗೆ ಕನ್ನಡಕ ಮೂಗಿನಿಂದ ಜಾರಿದ ಮೇಲಂತೂ ಫ್ರೇಮಿನ ಮೇಲಿನಿಂದ ಇಣುಕಿ ನೋಡುವುದೇ ಗತಿ.

ಒಂದು ಅಂಗಡಿಯವರು ಪೋಲರೈಸ್ಡ್ ಕೂಲಿಂಗ್ ಗ್ಲಾಸ್‌ಗೆ ಪವರ್ ಹಾಕಿಸಿಕೊಳ್ಳಿ ಎನ್ನುತ್ತಾರೆ. ಮತ್ತೊಬ್ಬರು ಬಿಸಿಲಿಗೆ ಕಪ್ಪಾಗುವ ಫೋಟೋಕ್ರೋಮಿಕ್ ಲೆನ್ಸೇ ಸರಿ ಎನ್ನುತ್ತಾರೆ. ಗೆಳೆಯರೊಬ್ಬರು ಮುಖವನ್ನು ಪೂರ್ತಿ ಮುಚ್ಚುವ ಕನ್ನಡಕದ ಒಳಗೆ ಪವರ್ ಇರುವ ಚಿಕ್ಕ ಫ್ರೇಮ್ ಸಿಕ್ಕಿಸುವ ಮಾದರಿಯನ್ನು ಸೂಚಿಸಿದ್ದಾರೆ. ಐದಾರು ಸಾವಿರದೊಳಗೆ ಒಂದೇ ಕನ್ನಡಕದಲ್ಲಿ ಕೆಲಸ ಮುಗಿಯಬೇಕು ಎಂಬುದು ನನ್ನ ಆಸೆ. ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಕುಂದವಾಡ_ಸವಾರ (ದಾವಣಗೆರೆ)

ಪವರ್‌ನ ವಿಷಯವನ್ನು ಬಲ್ಲವರು ಹೇಳಲಿ, ನಾನು ಬೆಳಕಿನ ವಿಷಯವನ್ನಷ್ಟೇ ಹೇಳುತ್ತೇನೆ. ತಾವು ಐದೂವರೆಗೆ ಹೊರಡುವವರು. ಅಂದರೆ ಸವಾರಿಯ ಮೊದಲ ಭಾಗವೆಲ್ಲ ಕತ್ತಲಲ್ಲೋ ಮಬ್ಬು ಬೆಳಕಿನಲ್ಲೋ ಕಳೆಯುತ್ತದೆ. ರಸ್ತೆಯ ಗುಂಡಿ, ಮಲಗಿದ ನಾಯಿ, ಹಿಂದಿನ ದೀಪವಿಲ್ಲದೆ ನಿಂತ ಟ್ರ್ಯಾಕ್ಟರ್ ಇವೆಲ್ಲ ಅಪಾಯವಾಗುವುದು ಆ ಹೊತ್ತಿನಲ್ಲಿಯೇ. ಆದ್ದರಿಂದ ಲೆನ್ಸ್ ಆರಿಸುವಾಗ ನಮ್ಮ ಹಾದಿಯಲ್ಲಿ ಸಿಗುವ ಅತಿ ಕಡಿಮೆ ಬೆಳಕನ್ನು ಲೆಕ್ಕಕ್ಕೆ ಹಿಡಿಯಬೇಕೇ ಹೊರತು ಅತಿ ಹೆಚ್ಚಿನ ಬಿಸಿಲನ್ನಲ್ಲ. ಬಿಸಿಲು ಜಾಸ್ತಿಯಾದರೆ ಕಣ್ಣು ಕಿರಿದು ಮಾಡಿಕೊಂಡಾದರೂ ಮನೆ ಸೇರಬಹುದು.

ಲೆನ್ಸ್ ಎಷ್ಟು ಬೆಳಕನ್ನು ಒಳಗೆ ಬಿಡುತ್ತದೆ ಎಂಬುದನ್ನು 0ಯಿಂದ 4ರವರೆಗಿನ ವರ್ಗಗಳಲ್ಲಿ ಹೇಳುತ್ತಾರೆ, ಕನ್ನಡಕದ ಕಡ್ಡಿಯ ಒಳಬದಿಯಲ್ಲಿ ಈ ಅಂಕಿಯನ್ನು ಸಾಮಾನ್ಯವಾಗಿ ಮುದ್ರಿಸಿರುತ್ತಾರೆ. ವರ್ಗ 0 ಎಂದರೆ ಶೇ. 80ಕ್ಕಿಂತ ಹೆಚ್ಚು ಬೆಳಕು ಬಿಡುವ ಬಿಳಿ ಲೆನ್ಸ್. ನಾವು ಕೂಲಿಂಗ್ ಗ್ಲಾಸ್ ಎಂದು ಕೊಳ್ಳುವುದು ಹೆಚ್ಚಾಗಿ ವರ್ಗ 3, ಅದು ಬಿಡುವುದು ಶೇ. 8ರಿಂದ 18ರಷ್ಟು ಬೆಳಕನ್ನು ಮಾತ್ರ. ವರ್ಗ 4 ಹಿಮ ಪರ್ವತಗಳಲ್ಲಿ ಓಡಾಡುವವರಿಗೆ. ಅದನ್ನು ಹಾಕಿಕೊಂಡು ರಸ್ತೆಯಲ್ಲಿ ವಾಹನ ಓಡಿಸಬಾರದು. ನೀವು ವರ್ಗ 3ರ ಪವರ್ ಕನ್ನಡಕ ಮಾಡಿಸಿದರೆ ಬೆಳಗಿನ ಐದೂವರೆಗೆ ಅದನ್ನು ಹಾಕಿಕೊಳ್ಳುವಂತಿಲ್ಲ, ತೆಗೆದರೆ ರಸ್ತೆ ಕಾಣುವುದಿಲ್ಲ. ಪವರ್ ಇಲ್ಲದವರಿಗೆ ಈ ಇಕ್ಕಟ್ಟು ಇಲ್ಲ. ಅವರು ಕನ್ನಡಕವನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಡುತ್ತಾರೆ.

ನಿಮ್ಮ ಹಾದಿಯ ದಿಕ್ಕನ್ನೂ ಗಮನಿಸಿ. ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೆದ್ದಾರಿ ಪೂರ್ವದಿಂದ ತುಸು ದಕ್ಷಿಣಕ್ಕೆ ವಾಲಿಕೊಂಡು ಸಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಸೂರ್ಯ ಹುಟ್ಟುವುದೂ ಹೆಚ್ಚುಕಡಿಮೆ ಅದೇ ದಿಕ್ಕಿನಲ್ಲಿ. ಹೀಗಾಗಿ ಭರಮಸಾಗರದಿಂದ ನೀವು ಹಿಂದಿರುಗುವ ಹೊತ್ತಿಗೆ ಸೂರ್ಯ ರಸ್ತೆಯ ಮೇಲೆಯೇ ಕುಳಿತಿರುತ್ತಾನೆ. ಜೂನ್ ತಿಂಗಳ ಸಂಜೆ ದಾವಣಗೆರೆಯತ್ತ ಬರುವವರಿಗೂ ಇದೇ ಪಾಡು, ಆಗ ಮುಳುಗುವ ಸೂರ್ಯ ಎದುರಿಗೆ. ಕಣ್ಣಿಗೆ ನೇರ ಹೊಡೆಯುವ ಈ ಬೆಳಕಿಗೆ ಎಷ್ಟು ಕಪ್ಪು ಲೆನ್ಸ್ ಹಾಕಿದರೂ ಸಾಲದು, ಕಪ್ಪು ಮಾಡಿದಷ್ಟೂ ರಸ್ತೆಯೇ ಮಸುಕಾಗುತ್ತದೆ. ಹೆಲ್ಮೆಟ್ಟಿನ ಒಳಗೆ ಚಿಕ್ಕ ಅಂಚಿನ ಬಟ್ಟೆಯ ಟೋಪಿ ಹಾಕಿ, ತಲೆಯನ್ನು ಕೊಂಚ ಬಗ್ಗಿಸಿದರೆ ಸೂರ್ಯ ಮರೆಯಾಗುತ್ತಾನೆ, ರಸ್ತೆ ಉಳಿಯುತ್ತದೆ. ಈ ಉಪಾಯಕ್ಕೆ ಇನ್ನೂರು ರೂಪಾಯಿಯೂ ಬೇಡ.

ಪೋಲರೈಸ್ಡ್ ಲೆನ್ಸ್ ಸಮತಟ್ಟಾದ ಮೈಯಿಂದ ಹೊಳೆದು ಬರುವ ಬೆಳಕನ್ನು ತಡೆಯುತ್ತದೆ. ಕೆರೆಯ ದಡದಲ್ಲಿ ಕುಳಿತು ಮೀನು ಹಿಡಿಯುವವರಿಗೆ ಅದು ವರವೇ ಸರಿ. ಆದರೆ ಒದ್ದೆ ಡಾಂಬರು, ಚೆಲ್ಲಿದ ಡೀಸೆಲ್, ತಿರುವಿನಲ್ಲಿ ನಿಂತ ನೀರು ಇವುಗಳನ್ನು ನಾವು ದೂರದಿಂದ ಗುರುತಿಸುವುದು ಅವುಗಳ ಹೊಳಪಿನಿಂದಲೇ. ಆ ಹೊಳಪನ್ನು ಅಳಿಸಿಹಾಕುವ ಲೆನ್ಸ್ ಎರಡು ಚಕ್ರದವರಿಗೆ ಏಕೆ? ಮೊಬೈಲಿನ ಅಥವಾ ಸೈಕಲ್ ಮೀಟರಿನ ಪರದೆ ಕೆಲವು ಕೋನಗಳಲ್ಲಿ ಪೂರ್ತಿ ಕಪ್ಪಾಗಿ ಕಾಣುವುದು ಇನ್ನೊಂದು ಕಿರಿಕಿರಿ. ಹಗಲಿನಲ್ಲಿ ಹೆದ್ದಾರಿಯಲ್ಲಿಯೇ ಓಡಿಸುವ ಕೆಲವರು ಮುಂದಿನ ಕಾರಿನ ಗಾಜಿನ ಝಳಪು ತಪ್ಪುತ್ತದೆಂದು ಅದನ್ನೇ ಮೆಚ್ಚುತ್ತಾರೆ, ಅವರನ್ನು ನಾನು ತಪ್ಪೆನ್ನುವುದಿಲ್ಲ.

ಬಣ್ಣದ ಬಗ್ಗೆ ಎರಡೇ ಮಾತು. ಬೂದು ಬಣ್ಣ ಎಲ್ಲ ಬಣ್ಣಗಳನ್ನು ಇದ್ದಂತೆ ತೋರಿಸುತ್ತದೆ. ಕಂದು ಬಣ್ಣ ನೀಲಿಯನ್ನು ತಗ್ಗಿಸಿ ರಸ್ತೆಯ ಉಬ್ಬುತಗ್ಗನ್ನು ಎತ್ತಿ ತೋರಿಸುತ್ತದೆ, ನಮ್ಮ ರಸ್ತೆಗಳಿಗೆ ಅದೇ ಲೇಸು. ರಾತ್ರಿ ಹೆಡ್‌ಲೈಟ್ ಹೊಡೆಯದಂತೆ ಎಂದು ಮಾರುವ ಹಳದಿ ಕನ್ನಡಕವನ್ನು ಮಾತ್ರ ಕೊಳ್ಳಬೇಡಿ, ಅದು ಕತ್ತಲಲ್ಲಿ ಮೊದಲೇ ಕಡಿಮೆಯಿರುವ ಬೆಳಕನ್ನು ಇನ್ನಷ್ಟು ಕಡಿಮೆ ಮಾಡುತ್ತದೆ.

ದೃಷ್ಟಿಪರೀಕ್ಷಕ (ದಾವಣಗೆರೆ)

ಪವರ್ ಪರೀಕ್ಷಿಸಿ ಕನ್ನಡಕ ಕೊಡುವುದು ನನ್ನ ವೃತ್ತಿ. ಹಾಗಾಗಿ ಬಣ್ಣಕ್ಕಿಂತ ಮೊದಲು ತೀರ್ಮಾನವಾಗಬೇಕಾದ ಸಂಗತಿಯನ್ನು ಹೇಳುತ್ತೇನೆ: ನಿಮ್ಮ ಪವರ್ ಯಾವ ಫ್ರೇಮಿನಲ್ಲಿ ಸರಿಯಾಗಿ ಕೂರುತ್ತದೆ ಎಂಬುದು.

ಕ್ರೀಡೆಯ ಕನ್ನಡಕ ಮುಖವನ್ನು ಸುತ್ತುವರಿಯುವಂತೆ ಬಾಗಿರುತ್ತದೆ, ಗಾಳಿಯನ್ನೂ ಹೊಟ್ಟನ್ನೂ ತಡೆಯುವುದು ಆ ಬಾಗೇ. ಆದರೆ ಬಾಗಿದ ಫ್ರೇಮಿನಲ್ಲಿ ಲೆನ್ಸ್ ಕಣ್ಣಿಗೆ ನೇರವಾಗಿ ನಿಲ್ಲದೆ ಕೆನ್ನೆಯ ಕಡೆಗೆ ಓರೆಯಾಗಿರುತ್ತದೆ. ಓರೆಯಾದ ಮೈನಸ್ ಲೆನ್ಸಿನ ಪವರ್ ಕಣ್ಣಿಗೆ ತುಸು ಹೆಚ್ಚಾಗಿ ತಟ್ಟುತ್ತದೆ, ಇಲ್ಲದ ಸಿಲಿಂಡರ್ ಒಂದಿಷ್ಟು ಸೇರಿಕೊಳ್ಳುತ್ತದೆ, ಪ್ರಿಸಂನ ಪರಿಣಾಮವೂ ಬರುತ್ತದೆ. ಮನೆಯ ಕನ್ನಡಕದ ಚೀಟಿಯಲ್ಲಿರುವ ಅಂಕಿಗಳನ್ನೇ ಹಾಗೆಯೇ ಬಾಗಿದ ಫ್ರೇಮಿಗೆ ಇಳಿಸಿದರೆ ನೆಲ ವಾಲಿದಂತೆ, ಪಕ್ಕದ ಕಂಬಗಳು ಬಗ್ಗಿದಂತೆ ಕಾಣುವುದು ಇದರಿಂದಲೇ. ಫ್ರೇಮಿನ ಬಾಗು, ಅದರ ಓರೆ, ಕಣ್ಣಿಗೂ ಲೆನ್ಸಿಗೂ ಇರುವ ಅಂತರ ಇವನ್ನು ಅಳೆದು ಲ್ಯಾಬಿಗೆ ಕಳುಹಿಸಿದರೆ ಅವರು ಪವರನ್ನು ಅದಕ್ಕೆ ತಕ್ಕಂತೆ ತಿದ್ದಿ ಲೆನ್ಸ್ ತಯಾರಿಸುತ್ತಾರೆ. ಈ ಅಳತೆಗಳನ್ನು ತೆಗೆದುಕೊಳ್ಳದೆಯೇ ಆರ್ಡರ್ ಬರೆದುಕೊಳ್ಳುವ ಅಂಗಡಿಯಲ್ಲಿ ಬಾಗಿದ ಕನ್ನಡಕ ಮಾಡಿಸಬೇಡಿ.

ಬಾಗಿನ ಪ್ರಮಾಣವನ್ನು ಬೇಸ್ ಕರ್ವ್ ಎಂಬ ಅಂಕಿಯಲ್ಲಿ ಹೇಳುತ್ತೇವೆ. ಸಾಮಾನ್ಯ ಕನ್ನಡಕ 4ರ ಆಸುಪಾಸಿನಲ್ಲಿರುತ್ತದೆ, ಓಟಗಾರರ ಕನ್ನಡಕ ಹೆಚ್ಚಾಗಿ 8. ಮೈನಸ್ 3.25ಕ್ಕೆ 8ರ ಫ್ರೇಮಿನಲ್ಲಿ ಲೆನ್ಸಿನ ಹೊರ ಅಂಚು ಬಹಳ ದಪ್ಪವಾಗುತ್ತದೆ. 6ರ ಬಾಗಿರುವ ಫ್ರೇಮ್ ಆರಿಸಿಕೊಂಡರೆ ಗಾಳಿ ಸಾಕಷ್ಟು ನಿಲ್ಲುತ್ತದೆ, ದೃಷ್ಟಿಯೂ ಕೆಡುವುದಿಲ್ಲ. ಪವರ್ ಮೈನಸ್ 4 ದಾಟಿದವರಿಗೆ ನಾನು ನೇರವಾಗಿ ಒಳಗೆ ಸಿಕ್ಕಿಸುವ ಫ್ರೇಮನ್ನೇ ಸೂಚಿಸುತ್ತೇನೆ.

ಆ ಒಳ ಫ್ರೇಮಿನ ಗುಣದೋಷಗಳು ಹೀಗಿವೆ. ಹೊರಗಿನ ಶೀಲ್ಡ್‌ಗೆ, ಅಂದರೆ ಮುಖ ಮುಚ್ಚುವ ದೊಡ್ಡ ಲೆನ್ಸಿಗೆ, ಪವರ್ ಇರುವುದಿಲ್ಲವಾದ್ದರಿಂದ ಮುಂಜಾನೆಗೆ ಬಿಳಿಯದು, ಬಿಸಿಲಿಗೆ ಕಂದಿನದು ಎಂದು ಬದಲಿಸಿಕೊಳ್ಳಬಹುದು. ಎರಡು ವರ್ಷಕ್ಕೆ ಪವರ್ ಬದಲಾದರೆ ಒಳಗಿನ ಚಿಕ್ಕ ಲೆನ್ಸ್‌ಗಳನ್ನಷ್ಟೇ ಬದಲಿಸಿದರೆ ಸಾಕು. ಅದರ ಬಾಗು ಕಡಿಮೆಯಿರುವುದರಿಂದ ಪವರ್ ತಿದ್ದುವ ತಾಪತ್ರಯವೂ ಕಡಿಮೆ. ಆದರೆ ಲೆನ್ಸಿನ ಹಿಂದೆ ಲೆನ್ಸ್ ಇರುವುದರಿಂದ ಒರೆಸಬೇಕಾದ ಮೈಗಳು ಎರಡರ ಬದಲು ನಾಲ್ಕಾಗುತ್ತವೆ, ನಡುವೆ ದೂಳು ಸೇರುತ್ತದೆ, ಜೋಗಿಮಟ್ಟಿಯಂಥ ಏರಿನಲ್ಲಿ ನಿಧಾನವಾಗಿ ಹತ್ತುವಾಗ ಬೆವರಿನ ಆವಿ ಕಟ್ಟಿಕೊಳ್ಳುತ್ತದೆ. ಶೀಲ್ಡಿನ ಮೇಲಂಚಿನಲ್ಲಿ ಗಾಳಿಯಾಡುವ ಸಣ್ಣ ರಂಧ್ರಗಳಿರುವ ಮಾದರಿಯನ್ನು ನೋಡಿಕೊಳ್ಳಿ. ನೀವು ಹೇಳಿದ ಮೊತ್ತದೊಳಗೆ ಸುಭದ್ರವಾಗಿ ಮುಗಿಯುವುದು ಈ ದಾರಿಯೇ. ಅಳತೆಗೆ ತಕ್ಕಂತೆ ತಿದ್ದಿದ ಪವರ್, ಅದರ ಮೇಲೆ ಫೋಟೋಕ್ರೋಮಿಕ್, ಇವೆರಡನ್ನೂ ಒಂದೇ ಲೆನ್ಸಿನಲ್ಲಿ ಬಯಸಿದರೆ ಖರ್ಚು ನಿಮ್ಮ ಲೆಕ್ಕವನ್ನು ದಾಟುತ್ತದೆ.

ಫೋಟೋಕ್ರೋಮಿಕ್ ಬಗ್ಗೆ ಅಂಗಡಿಗಳಲ್ಲಿ ಹೇಳದ ಒಂದು ವಿಷಯವಿದೆ. ಅದರಲ್ಲಿರುವ ಅಣುಗಳು ನೇರಳಾತೀತ ಕಿರಣ ಬಿದ್ದಾಗ ರೂಪ ಬದಲಿಸಿ ಬೆಳಕನ್ನು ಹೀರುತ್ತವೆ. ಶಾಖ ಅವನ್ನು ಮೊದಲಿನ ರೂಪಕ್ಕೆ ಮರಳಿಸುತ್ತದೆ. ಆದ್ದರಿಂದ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಲೆನ್ಸ್ ಆಗಬೇಕಾದಷ್ಟು ಕಪ್ಪಾಗುವುದಿಲ್ಲ. ಮಾಗಿಯ ಚಳಿಯಲ್ಲಿ ಚೆನ್ನಾಗಿಯೇ ಕಪ್ಪಾಗುತ್ತದೆ, ಆದರೆ ಮತ್ತೆ ತಿಳಿಯಾಗಲು ನಿಮಿಷಗಟ್ಟಲೆ ಹಿಡಿಯುತ್ತದೆ. ಬಿಸಿಲಿನಿಂದ ಹುಣಸೆ ಮರಗಳ ಸಾಲಿನ ನೆರಳಿಗೆ ನೀವು ನುಗ್ಗುವುದು ಒಂದೆರಡು ಸೆಕೆಂಡಿನಲ್ಲಿ, ಅಷ್ಟರಲ್ಲಿ ಯಾವ ಲೆನ್ಸೂ ಬಣ್ಣ ಬದಲಿಸಲಾರದು. ಕೊಳ್ಳುವುದೇ ಆದರೆ ಪೂರ್ತಿ ತಿಳಿಯಾದಾಗ ಎಷ್ಟು ಬೆಳಕು ಬಿಡುತ್ತದೆ, ಪೂರ್ತಿ ಕಪ್ಪಾದಾಗ ಎಷ್ಟು ಬಿಡುತ್ತದೆ ಎಂಬ ಎರಡು ಅಂಕಿಗಳನ್ನು ಕೇಳಿ. ಮೊದಲನೆಯದು ಶೇ. 80ಕ್ಕಿಂತ ಕಡಿಮೆಯಿದ್ದರೆ ಐದೂವರೆಯ ಸವಾರಿಗೆ ಅದು ಬೇಡ.

ನೇರಳಾತೀತ ಕಿರಣಕ್ಕೂ ಲೆನ್ಸಿನ ಕಪ್ಪಿಗೂ ಸಂಬಂಧವಿಲ್ಲ. 400 ನ್ಯಾನೋಮೀಟರ್‌ವರೆಗಿನ ಕಿರಣಗಳನ್ನು ತಡೆಯುವ, ಯುವಿ 400 ಎಂದು ನಮೂದಿಸಿದ ಬಿಳಿ ಲೆನ್ಸ್ ಕಣ್ಣನ್ನು ಪೂರ್ತಿಯಾಗಿಯೇ ಕಾಪಾಡುತ್ತದೆ. ಆ ತಡೆಯಿಲ್ಲದ ಅಗ್ಗದ ಕಪ್ಪು ಕನ್ನಡಕ ಬರಿಗಣ್ಣಿಗಿಂತಲೂ ಕೆಟ್ಟದ್ದಾಗಬಹುದು, ಏಕೆಂದರೆ ಕತ್ತಲಾಯಿತೆಂದು ಪಾಪೆ ಹಿಗ್ಗಿ ಹೆಚ್ಚು ಕಿರಣಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ.

ಲೆನ್ಸ್ ಪಾಲಿಕಾರ್ಬೊನೇಟ್ ಅಥವಾ ಟ್ರೈವೆಕ್ಸ್ ಆಗಿರಲೇಬೇಕು. ಲಾರಿಯ ಚಕ್ರದಿಂದ ಸಿಡಿದ ಜಲ್ಲಿ ಕಲ್ಲು ಬಡಿದರೂ, ಬಿದ್ದರೂ ಅವು ಚೂರಾಗುವುದಿಲ್ಲ. ಪಾಲಿಕಾರ್ಬೊನೇಟ್‌ನಲ್ಲಿ ಅಂಚಿನ ಕಡೆ ಬಣ್ಣದ ಗೆರೆ ತುಸು ಕಾಣುತ್ತದೆ, ಗೀರು ಬೇಗ ಬೀಳುತ್ತದೆ. ಟ್ರೈವೆಕ್ಸ್‌ನಲ್ಲಿ ದೃಷ್ಟಿ ಹೆಚ್ಚು ಸ್ವಚ್ಛ, ಬೆಲೆಯೂ ಹೆಚ್ಚು.

ಹೊಳಲ್ಕೆರೆ_ರೈಡರ್

ದೃಷ್ಟಿಪರೀಕ್ಷಕ ಸರ್ ಹೇಳಿದ್ದರಲ್ಲಿ ಒಂದು ದಾರಿ ಬಿಟ್ಟುಹೋಗಿದೆ. ನನ್ನ ಪವರ್ ಮೈನಸ್ 4ಕ್ಕಿಂತ ಹೆಚ್ಚು. ಸವಾರಿಯ ದಿನ ಒಂದೇ ದಿನ ಬಳಸಿ ಎಸೆಯುವ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು, ಮೇಲೆ ಪವರ್ ಇಲ್ಲದ ದೊಡ್ಡ ಶೀಲ್ಡ್ ಧರಿಸುತ್ತೇನೆ. ಫ್ರೇಮಿನ ಅಂಚಿನ ಕಾಟವಿಲ್ಲ, ಪಕ್ಕದ ನೋಟವೂ ಪೂರ್ತಿ ಸಿಗುತ್ತದೆ, ಯಾವ ಅಂಗಡಿಯ ಯಾವ ಕನ್ನಡಕ ಬೇಕಾದರೂ ಹೊಂದುತ್ತದೆ. ಸಿಲಿಂಡರ್ ಇರುವವರಿಗೆ ಟಾರಿಕ್ ಎಂಬ ಬಗೆಯ ಕಾಂಟ್ಯಾಕ್ಟ್ ಲೆನ್ಸ್ ಸಿಗುತ್ತದೆ.

ಆದರೆ ನಮ್ಮ ಕಡೆ ಭೀಮಸಮುದ್ರದತ್ತ ಅದಿರಿನ ಲಾರಿಗಳು ಓಡಾಡುವ ರಸ್ತೆಗಳಲ್ಲಿ ಕೆಂಪು ದೂಳು ಸಾಮಾನ್ಯ. ಲೆನ್ಸಿನ ಅಡಿಗೆ ಒಂದು ಕಣ ಸೇರಿದರೂ ಮುಂದೆ ಒಂದು ಹೆಜ್ಜೆ ಸಾಗಲಾಗದು. ಆಗ ಬಾಟಲಿಯ ನೀರಿನಲ್ಲಿ ಲೆನ್ಸ್ ತೊಳೆದು ಮತ್ತೆ ಹಾಕಿಕೊಳ್ಳುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬೇಡ. ನಲ್ಲಿ ನೀರಿನಲ್ಲಿ ಇರಬಹುದಾದ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿಯಿಂದ ಕಾರ್ನಿಯಾದ ಸೋಂಕು ತಗಲಿದರೆ ದೃಷ್ಟಿಗೇ ಕುತ್ತು. ಲೆನ್ಸನ್ನು ತೆಗೆದು ಎಸೆಯಬೇಕು. ಅದಕ್ಕಾಗಿಯೇ ಜರ್ಸಿಯ ಹಿಂಜೇಬಿನಲ್ಲಿ ಹಳೆಯ ಪವರ್ ಕನ್ನಡಕವೊಂದು ಸದಾ ಇರುತ್ತದೆ. ಕಣ್ಣು ಒಣಗುವ ತೊಂದರೆಯುಳ್ಳವರಿಗೂ ಈ ದಾರಿಯನ್ನು ಹೇಳಲಾರೆ.

ಇನ್ನು, ಪವರ್ ಕನ್ನಡಕ ಇದ್ದರೆ ಸೈಕಲ್ ಓಟ ನಮಗಲ್ಲ ಎಂದು ಕೆಲವರು ಹಿಂಜರಿಯುವುದನ್ನು ನೋಡಿದ್ದೇನೆ. 1983 ಮತ್ತು 1984ರ ಟೂರ್ ದ ಫ್ರಾನ್ಸ್ ಗೆದ್ದ ಲೊರಾಂ ಫಿನ್ಯೊಂ ಸಾಧಾರಣ ದುಂಡು ಕನ್ನಡಕ ಹಾಕಿಕೊಂಡೇ ಓಡುತ್ತಿದ್ದವರು. ಅದರಿಂದಲೇ ಅವರಿಗೆ ಪ್ರೊಫೆಸರ್ ಎಂಬ ಅಡ್ಡಹೆಸರು ಬಿದ್ದಿತ್ತು.

ದುರ್ಗದಹಾದಿ (ಚಿತ್ರದುರ್ಗ)

ಮೂವರಿಗೂ ಕೃತಜ್ಞತೆಗಳು. ಕಾಂಟ್ಯಾಕ್ಟ್ ಲೆನ್ಸಿಗೆ ನನ್ನ ಮನಸ್ಸು ಒಪ್ಪುತ್ತಿಲ್ಲ, ಮೇಡಂ. ಒಳ ಫ್ರೇಮ್ ಇರುವ ಮಾದರಿಯೊಂದನ್ನು ಅಂಗಡಿಯಲ್ಲಿ ಹಾಕಿ ನೋಡಿದೆ. ಕಣ್ಣು ಮಿಟುಕಿಸಿದಾಗಲೆಲ್ಲ ರೆಪ್ಪೆಗೂದಲು ಒಳ ಲೆನ್ಸಿಗೆ ತಾಗುತ್ತಿತ್ತು. ಇನ್ನೊಂದು ವಿಷಯ ಮೊದಲೇ ಹೇಳಬೇಕಿತ್ತೇನೋ: ನನಗೀಗ ನಲವತ್ತಾರು, ಚಾಳೀಸು ಶುರುವಾಗಿದೆ. ದೂರದ ಪವರ್ ಹಾಕಿಕೊಂಡರೆ ಹ್ಯಾಂಡಲ್ ಮೇಲಿನ ಮೀಟರಿನ ಸಣ್ಣ ಅಂಕಿಗಳು ಮಸುಕು. ಮೇಲಿನಿಂದ ಕೆಳಗೆ ಪವರ್ ನಿಧಾನವಾಗಿ ಬದಲಾಗುವ ಪ್ರೊಗ್ರೆಸಿವ್ ಲೆನ್ಸ್ ಹಾಕಿಸಬೇಕೇ?

ದೃಷ್ಟಿಪರೀಕ್ಷಕ (ದಾವಣಗೆರೆ)

ರೆಪ್ಪೆ ತಾಗುವುದು ಮೂಗಿನ ಮೇಲೆ ಫ್ರೇಮ್ ತೀರ ಹಿಂದಕ್ಕೆ ಕೂತಿರುವುದರಿಂದ. ಮೂಗಿನ ಪ್ಯಾಡ್ ಬಗ್ಗಿಸಿ ಹೊಂದಿಸಬಹುದಾದ ಮಾದರಿಯಲ್ಲಿ ಒಂದೆರಡು ಮಿಲಿಮೀಟರ್ ಮುಂದಕ್ಕೆ ತಂದರೆ ಸರಿಹೋಗುತ್ತದೆ. ಅದೂ ಆಗದಿದ್ದರೆ ಆ ಫ್ರೇಮ್ ನಿಮ್ಮ ಮುಖದ್ದಲ್ಲ, ಬೇರೆಯದನ್ನು ನೋಡಿ.

ಮೀಟರ್ ಓದಲು ಪ್ರೊಗ್ರೆಸಿವ್‌ಗೆ ಅವಸರ ಮಾಡಬೇಡಿ. ಬಾಗಿದ ಫ್ರೇಮಿನಲ್ಲಿ ಅದರ ಸ್ಪಷ್ಟ ನೋಟದ ಹಾದಿ ಇನ್ನೂ ಕಿರಿದಾಗುತ್ತದೆ, ಒಳಗೆ ಸಿಕ್ಕಿಸುವ ಪುಟ್ಟ ಲೆನ್ಸಿನಲ್ಲಿ ಅದಕ್ಕೆ ಬೇಕಾದ ಎತ್ತರವೇ ಇರುವುದಿಲ್ಲ. ಪುಸ್ತಕವನ್ನು ನಾವು ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತೇವೆ, ಹ್ಯಾಂಡಲ್ ಮೇಲಿನ ಮೀಟರ್ ಇರುವುದು 60-70 ಸೆಂಟಿಮೀಟರ್ ದೂರದಲ್ಲಿ. ಅಷ್ಟು ದೂರಕ್ಕೆ ಓದುವ ಕನ್ನಡಕದಷ್ಟು ಹೆಚ್ಚುವರಿ ಪವರ್ ಬೇಕಿಲ್ಲ. ಸೈಕಲ್ ಮೇಲೆ ಕುಳಿತು ಕಣ್ಣಿನಿಂದ ಮೀಟರಿನವರೆಗಿನ ದೂರವನ್ನು ಮನೆಯವರಿಂದ ಟೇಪ್ ಹಿಡಿದು ಅಳೆಸಿ, ಆ ಅಂಕಿಯನ್ನು ಪರೀಕ್ಷೆಗೆ ಬರುವಾಗ ತನ್ನಿ. ಆ ದೂರಕ್ಕೆ ಬೇಕಾದಷ್ಟನ್ನೇ ಲೆನ್ಸಿನ ಕೆಳತುದಿಯಲ್ಲಿ ಚಿಕ್ಕ ಬೈಫೋಕಲ್ ತುಂಡಾಗಿ ಕೊಡಬಹುದು. ಅದಕ್ಕೂ ಮೊದಲು ಮೀಟರಿನ ಪರದೆಯಲ್ಲಿ ಒಮ್ಮೆಗೆ ಎರಡೇ ಅಂಕಿಗಳು ದೊಡ್ಡದಾಗಿ ಕಾಣುವಂತೆ ಮಾಡಿಕೊಂಡು ನೋಡಿ, ಬಹಳ ಜನರಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ಬಗ್ಗಿ ಕುಳಿತಾಗ ಫ್ರೇಮಿನ ಅಂಚು ಅಡ್ಡ ಬರುವುದಕ್ಕೂ ಇಲ್ಲಿಯೇ ಪರಿಹಾರವಿದೆ. ತಲೆ ಬಗ್ಗಿದಾಗ ಕಣ್ಣು ಲೆನ್ಸಿನ ಮೇಲ್ಭಾಗದಿಂದ ರಸ್ತೆಯನ್ನು ನೋಡುತ್ತದೆ, ಆದರೆ ಅಂಗಡಿಯಲ್ಲಿ ನಿಮ್ಮನ್ನು ನೆಟ್ಟಗೆ ಕೂರಿಸಿ ಪಾಪೆಯ ಎದುರಿಗೆ ಲೆನ್ಸಿನ ಕೇಂದ್ರವನ್ನು ಗುರುತು ಹಾಕುತ್ತಾರೆ. ಮೇಲಂಚಿಲ್ಲದ ಫ್ರೇಮ್ ಆರಿಸಿ, ಗುರುತು ಹಾಕುವಾಗ ಮುಂದಿನ ಮೇಜಿನ ಮೇಲೆ ಎರಡೂ ಮೊಣಕೈ ಊರಿ ಸವಾರಿಯ ಭಂಗಿಯಲ್ಲಿಯೇ ಕುಳಿತುಕೊಳ್ಳಿ, ಹೆಲ್ಮೆಟ್ಟನ್ನೂ ಹಾಕಿಕೊಂಡಿರಿ. ಕನ್ನಡಕದ ಕಡ್ಡಿ ಹೆಲ್ಮೆಟ್ಟಿನ ಪಟ್ಟಿಯ ಹೊರಗೆ ಬರಬೇಕು, ಹಿಂಬದಿಯ ಬಿಗಿತದ ತಿರುಪು ಕಡ್ಡಿಯನ್ನು ಮುಂದಕ್ಕೆ ತಳ್ಳುತ್ತಿಲ್ಲವೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಕುಂದವಾಡ_ಸವಾರ (ದಾವಣಗೆರೆ)

ಒರೆಸುವ ವಿಷಯವನ್ನು ಯಾರೂ ಎತ್ತಲಿಲ್ಲ. ಭದ್ರಾ ನಾಲೆಯ ಗದ್ದೆಗಳ ಪಕ್ಕದಲ್ಲಿ ಸಂಜೆ ಓಡಿಸಿದರೆ ಹುಳುಗಳು ಬಡಿದು ಶೀಲ್ಡ್ ಮೇಲೆ ಅಂಟಿಕೊಳ್ಳುತ್ತವೆ, ಬೇಸಿಗೆಯಲ್ಲಿ ಅದೇ ಜಾಗಕ್ಕೆ ದೂಳು. ಅದನ್ನು ಜರ್ಸಿಯ ತುದಿಯಿಂದ ಒಣಗಿದಂತೆಯೇ ಉಜ್ಜಿದರೆ ಪಾಲಿಕಾರ್ಬೊನೇಟ್ ಒಂದೇ ತಿಂಗಳಲ್ಲಿ ಮಂಜು ಹಿಡಿದಂತಾಗುತ್ತದೆ. ಮೊದಲು ಬಾಟಲಿಯ ನೀರು ಸುರಿದು ದೂಳು ಇಳಿಸಿ, ಮನೆಗೆ ಬಂದ ಮೇಲೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಹಚ್ಚಿ ಬೆರಳಿನಿಂದ ತೊಳೆದು, ಮೆತ್ತನೆಯ ಬಟ್ಟೆಯಿಂದ ಒತ್ತಿ ಒಣಗಿಸಬೇಕು. ಉಗುರುಬಣ್ಣ ತೆಗೆಯುವ ದ್ರವ, ಥಿನ್ನರ್ ತಾಗಿಸಬಾರದು. ಬಿಸಿಲಿಗೆ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಟ್ಟರೆ ಲೇಪನ ಬಿರುಕು ಬಿಡುತ್ತದೆ.

ದುರ್ಗದವರು ಬಿಳಿ ಮತ್ತು ಕಂದು, ಎರಡೂ ಶೀಲ್ಡ್ ಒಟ್ಟಿಗೇ ಬರುವ ಮಾದರಿ ನೋಡಲಿ. ಬಿಳಿಯದನ್ನು ಹಾಕಿಕೊಂಡು ಹೊರಟು, ಭರಮಸಾಗರದಲ್ಲಿ ಚಹಾಕ್ಕೆ ನಿಂತಾಗ ಕಂದಿನದಕ್ಕೆ ಬದಲಿಸಿಕೊಳ್ಳಬಹುದು.